ಬೀಗವಿಲ್ಲದ ಆಟ, ಅಂಕಿತವಿರುವ ಅಂಗಡಿ

ಒಂದು ವಿಡಿಯೊ ಗೇಮ್ ಇದೆ ಅಂತ ಇಟ್ಕೊಳ್ಳಿ. ಬೆಲೆ ಇನ್ನೂರೋ ಮುನ್ನೂರೋ ರೂಪಾಯಿ. ಇಂಟರ್‌ನೆಟ್ಟಿನಲ್ಲಿ ನೀವು ಹೆಸರೇ ಕೇಳಿರದ ಒಂದು ಸಣ್ಣ ಅಂಗಡಿ ಅದನ್ನ ಮಾರ್ತಾ ಇದೆ. ದುಡ್ಡು ಕಟ್ಟಿದರೆ ಒಂದು ಫೈಲ್ ಕೊಡುತ್ತೆ. ಆ ಫೈಲಿಗೆ ಬೀಗ ಇಲ್ಲ. ಆಡೋಕೆ ಪಾಸ್‌ವರ್ಡ್ ಬೇಡ, ನೆಟ್ ಬೇಡ, ಅಂಗಡಿಯವನ ಅಪ್ಪಣೆಯೂ ಬೇಡ. ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಟ್ಟರೆ ಹತ್ತು ವರ್ಷ ಬಿಟ್ಟು ತೆಗೆದರೂ ಅದು ನಿಮ್ಮದೇ. ಈಗ ಹೇಳಿ, ಅದು ಸಾಚಾ ಸರಕೋ, ಕದ್ದ ಮಾಲೋ? ನಮ್ಮ ಪೋತ್ನಾಳದ ಹುಡುಗರ ಮಾತಿನಲ್ಲಿ ಕೇಳೋದಾದರೆ, "ಅಣ್ಣಾ, ಇದು ಖರೇ ಮಾಲೇನ್ರಿ, ಡೂಪ್ಲಿಕೇಟೇನ್ರಿ?"

ರಾಜಕೀಯ ಮಾತಾಡೋ ಆಂಕರ್‌ಗೆ ಹುಡುಗರ ಆಟದ ಉಸಾಬರಿ ಯಾಕೆ ಅಂತ ಕೆಲವರು ಕೇಳಬಹುದು. ಕಾರಣ ಇದೆ. ಆಟ ಆಡೋದು ಮಗ, ಆದರೆ ಫೋನಿನಿಂದ ದುಡ್ಡು ಹೋಗೋದು ಅಪ್ಪನ ಖಾತೆಯಿಂದ. ಅಷ್ಟೇ ಅಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ನಕಲಿ ಅಂತ ಗೊತ್ತಿದ್ದೂ ಒಂದು ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕೆ ಬಳಸಿಲ್ಲ ಅಂತಾದರೆ ನ್ಯಾಯಾಲಯ ಜೈಲು ಬಿಟ್ಟು 50 ಸಾವಿರದೊಳಗಿನ ದಂಡಕ್ಕೆ ನಿಲ್ಲಿಸಬಹುದು. ವಿಡಿಯೊ ಗೇಮ್ ಕೂಡ ಕಂಪ್ಯೂಟರ್ ಪ್ರೋಗ್ರಾಮೇ ಸ್ವಾಮಿ. ಹಾಗಾಗಿ ಅಂಗಡಿಯವನು ಯಾರು, ಮಾರೋ ಹಕ್ಕು ಅವನಿಗೆ ಎಲ್ಲಿಂದ ಬಂತು ಅಂತ ಕೇಳೋದು ಹುಡುಗಾಟದ ಪ್ರಶ್ನೆ ಅಲ್ಲ.

ಮೊದಲು ಈ ಬೀಗದ ಕಥೆ ಹೇಳ್ತೀನಿ. ಇಂಗ್ಲಿಷಿನವರು ಇದಕ್ಕೆ ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್ ಅಂತಾರೆ, ಚಿಕ್ಕದಾಗಿ ಡಿಆರ್‌ಎಂ. ನಾನು ಬೀಗ ಅಂತಲೇ ಕರೀತೀನಿ. 1980ರ ದಶಕದಲ್ಲಿ ಆಟಗಳು ಫ್ಲಾಪಿಯಲ್ಲಿ ಬರ್ತಿದ್ದವು. ಫ್ಲಾಪಿ ನಕಲು ಮಾಡೋಕೆ ಎರಡು ನಿಮಿಷ ಸಾಕು. ಅದಕ್ಕೆ ಕಂಪನಿಗಳು ಒಂದು ಉಪಾಯ ಹೂಡಿದವು. ಆಟದ ನಡುವೆ ಪರದೆ ಮೇಲೆ ಪ್ರಶ್ನೆ ಬರೋದು: ಡಬ್ಬಿ ಜೊತೆ ಕೊಟ್ಟ ಪುಸ್ತಕದ ಇಂಥ ಪುಟದ ಇಂಥ ಸಾಲಿನ ಇಂಥ ಪದ ಯಾವುದು? ಪುಸ್ತಕ ಇದ್ದವನು ಮುಂದಕ್ಕೆ ಹೋಗ್ತಿದ್ದ, ಇಲ್ಲದವನು ಅಲ್ಲೇ ನಿಲ್ತಿದ್ದ. ಜನ ಸುಮ್ಮನಿರ್ತಾರಾ? ಪುಸ್ತಕವನ್ನೂ ಜೆರಾಕ್ಸ್ ಮಾಡಿಸಿದರು. ಆಮೇಲೆ ಸಿಡಿ ಬಂತು, ಸಿಡಿ ಒಳಗಿದ್ದರೆ ಮಾತ್ರ ಆಟ ಶುರು. ಅದಕ್ಕೂ ಮುರುಕು ಕೀಲಿ ಬಂತು. 2003ರಲ್ಲಿ ಅಮೆರಿಕದ ವಾಲ್ವ್ ಕಂಪನಿ ಸ್ಟೀಮ್ ಅನ್ನೋ ಅಂಗಡಿ ತೆರೆಯಿತು. ಮರುವರ್ಷ ಬಂದ ಹಾಫ್-ಲೈಫ್ 2 ಆಟವನ್ನ ಡಬ್ಬಿಯಲ್ಲಿ ಕೊಂಡವನೂ ನೆಟ್ ಹಾಕಿ ಸ್ಟೀಮಿನಲ್ಲಿ ಹೆಸರು ಬರೆಸಲೇಬೇಕಾಯ್ತು. ಅಲ್ಲಿಗೆ ಕೀಲಿಕೈ ಗಿರಾಕಿಯ ಜೇಬಿನಿಂದ ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಹೋಯ್ತು.

ಕೀಲಿ ಅಂಗಡಿಯವನ ಹತ್ತಿರ ಇದ್ದರೆ ಏನಾಗುತ್ತೆ ಅನ್ನೋದಕ್ಕೆ 2009ರ ಜುಲೈ ತಿಂಗಳ ಒಂದು ಘಟನೆ ಸಾಕು. ಅಮೆಜಾನ್ ತನ್ನ ಕಿಂಡಲ್ ಯಂತ್ರದಲ್ಲಿ ಓದೋಕೆ ಜಾರ್ಜ್ ಆರ್ವೆಲ್‌ನ "1984" ಮತ್ತು "ಅನಿಮಲ್ ಫಾರ್ಮ್" ಪುಸ್ತಕಗಳನ್ನ ಮಾರಿತ್ತು. ಅವನ್ನ ಅಮೆಜಾನಿಗೆ ಕೊಟ್ಟ ಪ್ರಕಾಶಕನಿಗೆ ಅಮೆರಿಕದಲ್ಲಿ ಆ ಪುಸ್ತಕ ಮಾರೋ ಹಕ್ಕೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಅಮೆಜಾನ್ ಏನು ಮಾಡಿತು ಗೊತ್ತಾ? ರಾತ್ರೋರಾತ್ರಿ ಗಿರಾಕಿಗಳ ಯಂತ್ರದೊಳಗೆ ಕೈ ಹಾಕಿ ಪುಸ್ತಕ ಅಳಿಸಿ, ದುಡ್ಡು ವಾಪಸ್ ಹಾಕಿತು. ಒಬ್ಬ ವಿದ್ಯಾರ್ಥಿ ಪುಸ್ತಕದಲ್ಲಿ ಬರ್ಕೊಂಡಿದ್ದ ಟಿಪ್ಪಣಿಗಳೆಲ್ಲ ಕೆಲಸಕ್ಕೆ ಬಾರದೇ ಹೋದವು, ಅವನು ಕೋರ್ಟಿಗೆ ಹೋದ. ಅಮೆಜಾನಿನ ಒಡೆಯ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯ್ತು. ಸರ್ಕಾರ ಎಲ್ಲರ ಮೇಲೂ ಕಣ್ಣಿಟ್ಟು ಹಳೇ ದಾಖಲೆಗಳನ್ನ ಸುಡುವ ಕಥೆ ಇರೋ ಪುಸ್ತಕವೇ ಹೀಗೆ ಮಾಯವಾಯ್ತಲ್ಲ ಅಂತ ಜಗತ್ತೆಲ್ಲ ನಕ್ಕಿತು. ನಗೋದು ಬಿಟ್ಟು ಒಂದು ಅಂಶ ಗಮನಿಸಿ. ಇಲ್ಲಿ ತಪ್ಪಿದ್ದು ಲೈಸೆನ್ಸು. ಅದರ ಪೆಟ್ಟು ಬಿದ್ದದ್ದು ಗಿರಾಕಿಗೆ. ಪೆಟ್ಟು ಗಿರಾಕಿಯ ಮನೆಯೊಳಗೇ ಬಂದದ್ದು ಬೀಗದ ದಾರಿಯಲ್ಲಿ.

ಹಾಗಾದರೆ ಬೀಗ ಇದ್ದರೆ ಕನಿಷ್ಠ ಸರಕು ಸಾಚಾ ಅನ್ನೋ ಖಾತ್ರಿ ಇರುತ್ತಾ? ಅದೂ ಇಲ್ಲ. ಜಿ2ಎ ಅಂತ ಒಂದು ಮಾರುಕಟ್ಟೆ ಇದೆ. 2020ಕ್ಕೆ ಮೊದಲು ಅಲ್ಲಿ ಯಾರು ಬೇಕಾದರೂ ಆಟದ ಕೀಲಿಸಂಖ್ಯೆಗಳನ್ನ ತಂದು ಮಾರಬಹುದಿತ್ತು. ಫ್ಯಾಕ್ಟೋರಿಯೊ ಆಟ ಮಾಡಿದ ಕಂಪನಿ, ನಮ್ಮ ಕೀಲಿಗಳನ್ನ ಕದ್ದು ಇಲ್ಲಿ ಮಾರಿದ್ದಾರೆ ಅಂತ ದೂರಿತು. ತಪಾಸಣೆ ಆಗಿ, 2020ರಲ್ಲಿ ಜಿ2ಎ 198 ಕೀಲಿಗಳ ವಿಷಯದಲ್ಲಿ ಅದು ನಿಜ ಅಂತ ಒಪ್ಪಿಕೊಂಡು ಸುಮಾರು 39,600 ಡಾಲರ್ ಪರಿಹಾರ ಕೊಟ್ಟಿತು. ಕೀಲಿ ಅಸಲಿ, ಬೀಗ ಅಸಲಿ, ವ್ಯಾಪಾರ ಮಾತ್ರ ಕಳ್ಳ ವ್ಯಾಪಾರ. ಅಂದಮೇಲೆ ನಾವು ನೋಡಬೇಕಾದ್ದು ಬೀಗವನ್ನಲ್ಲ, ಮಾರುವವನ ಕೈಗೆ ಹಕ್ಕು ಬಂದ ದಾರಿಯನ್ನ.

ಬೀಗವಿಲ್ಲದ ಸರಕು ಕೈಯಿಂದ ಕೈಗೆ ಹೋಗುವಾಗ ಅದರ ಒಡೆಯ ಯಾರು ಅಂತ ತಿಳಿಯೋದು ಹೇಗೆ? ಈ ಸಮಸ್ಯೆ ಕಂಪ್ಯೂಟರ್ ಜೊತೆ ಹುಟ್ಟಿದ್ದೇನಲ್ಲ. ನಮ್ಮ ಸೀಮೆ ಇದಕ್ಕೆ ಎಂದೋ ಒಂದು ಉತ್ತರ ಕಂಡುಕೊಂಡಿತ್ತು. ಮಾನ್ವಿಯಿಂದ ಸಿಂಧನೂರಿಗೆ ಹೋಗೋ ರಸ್ತೆಯಲ್ಲಿ ಪೋತ್ನಾಳ ಬರುತ್ತೆ. ಸುತ್ತ ಗದ್ದೆ, ಕಾಲುವೆ ನೀರು. ಇದೇ ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ 1682ರಲ್ಲಿ ವಿಜಯದಾಸರು ಹುಟ್ಟಿದರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಇವರ ಹಾಡಿಗೆ ಬೀಗ ಎಲ್ಲಿತ್ತು? ಕೇಳಿದವನು ಕಲಿಯಬಹುದು, ಕಲಿತವನು ಹಾಡಬಹುದು, ತಾಳೆಗರಿಯಲ್ಲೋ ಕಾಗದದಲ್ಲೋ ಬರ್ಕೊಂಡು ಊರೂರಿಗೆ ಒಯ್ಯಬಹುದು. ತಡೆಯೋರಿಲ್ಲ.

ಆದರೆ ಪದದ ಕೊನೆಯಲ್ಲಿ ಅಂಕಿತ ಇರ್ತಿತ್ತು. ವಿಜಯವಿಠ್ಠಲ ಅಂದರೆ ವಿಜಯದಾಸರು. ಗೋಪಾಲವಿಠ್ಠಲ ಅಂದರೆ ಗೋಪಾಲದಾಸರು. ಜಗನ್ನಾಥವಿಠ್ಠಲ ಅಂದರೆ ಮಾನ್ವಿಯ ದಾಸರು. ಈ ಅಂಕಿತವನ್ನ ಸಿಕ್ಕಸಿಕ್ಕವರು ಇಟ್ಕೊಳ್ಳೋ ಹಾಗಿರಲಿಲ್ಲ. ಗುರು ಕೊಡಬೇಕು. ವಿಜಯದಾಸರಿಗೆ ಪುರಂದರದಾಸರೇ ಕನಸಿನಲ್ಲಿ ಬಂದು ಅಂಕಿತ ಕೊಟ್ಟರು ಅಂತ ಸಂಪ್ರದಾಯ ಹೇಳುತ್ತೆ. ಕನಸನ್ನ ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನು ನೋಡೋದು ಆ ಕಥೆಯ ಹಿಂದಿರೋ ಕಾಳಜಿಯನ್ನ. ಹೆಸರು ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ಸರಪಳಿ ಬೇಕು, ಸರಪಳಿ ಇಲ್ಲದ ಹೆಸರಿಗೆ ಬೆಲೆ ಇಲ್ಲ. ಹಾಗಂತ ಮೋಸ ನಡೀಲಿಲ್ಲ ಅಂತೇನಲ್ಲ. ಒಂದೇ ಪದ ಎರಡು ಅಂಕಿತದಲ್ಲಿ ಸಿಕ್ಕಿ ವಿದ್ವಾಂಸರು ತಲೆ ಕೆಡಿಸಿಕೊಂಡದ್ದುಂಟು. ಇನ್ನೊಂದು ವ್ಯತ್ಯಾಸವನ್ನೂ ಹೇಳಿಬಿಡ್ತೀನಿ, ಇಲ್ಲಾಂದರೆ ಪಂಡಿತರು ನನ್ನ ಮೇಲೆ ಬೀಳ್ತಾರೆ. ದಾಸರು ಹಾಡು ಮಾರಲಿಲ್ಲ. ಅಂಕಿತಕ್ಕೆ ರಾಯಲ್ಟಿ ಬರ್ತಿರಲಿಲ್ಲ. ಸರಕಿನ ಜೊತೆ ಒಡೆಯನ ಗುರುತು ಪ್ರಯಾಣ ಮಾಡೋ ವ್ಯವಸ್ಥೆ ಇತ್ತು ಅನ್ನೋಷ್ಟಕ್ಕೆ ಮಾತ್ರ ನನ್ನ ಹೋಲಿಕೆ.

ಹಾಡಿಗೆ ಮಾರುಕಟ್ಟೆ ಬಂದದ್ದು ಯಂತ್ರ ಬಂದಮೇಲೆ. ಮೊದಲು ಗ್ರಾಮಫೋನ್ ತಟ್ಟೆ, ಆಮೇಲೆ ಕ್ಯಾಸೆಟ್. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ "ನಿತ್ಯೋತ್ಸವ" ಬಂದಾಗ ಕನ್ನಡ ಭಾವಗೀತೆ ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಹೋಯ್ತು. ಆದರೆ ಕ್ಯಾಸೆಟ್ಟಿಗೂ ಬೀಗ ಇರಲಿಲ್ಲ ನೋಡಿ. ಎರಡು ಟೇಪ್‌ರೆಕಾರ್ಡರ್ ಪಕ್ಕಪಕ್ಕ ಇಟ್ಟರೆ ನಕಲು ಸಿದ್ಧ. ನಮ್ಮ ಕಡೆ ಬಸ್‌ಸ್ಟ್ಯಾಂಡ್ ಹತ್ತಿರದ ಸಣ್ಣ ಅಂಗಡಿಗಳಲ್ಲಿ ಖಾಲಿ ಕ್ಯಾಸೆಟ್ ಕೊಟ್ಟು, ಬೇಕಾದ ಹಾಡಿನ ಚೀಟಿ ಕೊಟ್ಟರೆ ಮರುದಿನ ತುಂಬಿಸಿಕೊಡ್ತಿದ್ದರು. ಎ ಸೈಡಿಗೆ ರಾಜ್‌ಕುಮಾರ್, ಬಿ ಸೈಡಿಗೆ ತತ್ವಪದ, ಕೊನೆಗೆ ಟೇಪ್ ಉಳಿದರೆ ಅಂಗಡಿಯವನ ಇಷ್ಟದ ಒಂದು ಹಿಂದಿ ಹಾಡು ಪುಕ್ಕಟೆ. ನಾವು ಯಾರೂ ಅದನ್ನ ಕಳ್ಳತನ ಅಂದ್ಕೊಳ್ತಿರಲಿಲ್ಲ. ಅಂಗಡಿಯವನು ಪರಿಚಯಸ್ಥ, ಒಳ್ಳೆಯ ಮನುಷ್ಯ, ಅಷ್ಟು ಸಾಕಿತ್ತು. ಗಿರಾಕಿಗೆ ಅವನು ಮೋಸ ಮಾಡಲಿಲ್ಲ ನಿಜ. ಹಾಡಿದವನಿಗೆ ಏನು ಹೋಯ್ತು ಅಂತ ನಾವ್ಯಾರೂ ಕೇಳಲಿಲ್ಲ.

ದೆಹಲಿಯಲ್ಲಿ ಕೇಳಿದರು. 1984ರಲ್ಲಿ ಸಂಸತ್ತು ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು 52ಎ ಅನ್ನೋ ಕಲಂ ಸೇರಿಸಿತು. ನನ್ನ ಅಭಿಪ್ರಾಯದಲ್ಲಿ ಆ ಕಾಯ್ದೆಯ ಅತ್ಯಂತ ಬುದ್ಧಿವಂತ ಕಲಂ ಇದು. ಇದು ಯಾರಿಗೂ ಬೀಗ ಹಾಕಿ ಅನ್ನಲಿಲ್ಲ. ಕ್ಯಾಸೆಟ್ಟಿನ ಮೇಲೂ ಕವರಿನ ಮೇಲೂ ಧ್ವನಿಮುದ್ರಣ ಮಾಡಿದವನ ಹೆಸರು ವಿಳಾಸ, ಹಕ್ಕುದಾರನ ಹೆಸರು ವಿಳಾಸ, ಮೊದಲು ಬಿಡುಗಡೆಯಾದ ವರ್ಷ ಹಾಕಿ ಅಂತು. ವಿಡಿಯೊ ಕ್ಯಾಸೆಟ್ ಆದರೆ ಇನ್ನೂ ಒಂದು ಹೆಜ್ಜೆ ಮುಂದೆ: ಸೆನ್ಸಾರ್ ಸರ್ಟಿಫಿಕೇಟಿನ ನಕಲು ಇರಬೇಕು, ಜೊತೆಗೆ "ಹಕ್ಕುದಾರರಿಂದ ಲೈಸೆನ್ಸ್ ಪಡೆದಿದ್ದೇನೆ" ಅನ್ನೋ ಅರ್ಥದ ಘೋಷಣೆ ಇರಬೇಕು. ತಪ್ಪಿದರೆ 3 ವರ್ಷದವರೆಗೆ ಜೈಲು ಮತ್ತು ದಂಡ. ದಾಸರ ಅಂಕಿತವನ್ನೇ ಕಾಯ್ದೆಯ ಭಾಷೆಯಲ್ಲಿ ಬರೆದ ಹಾಗಿದೆ ಅಲ್ವಾ? ಕವರ್ ತಿರುಗಿಸಿ ನೋಡಿದರೆ ಗಿರಾಕಿಗೆ ಗೊತ್ತಾಗಬೇಕು, ಈ ಮಾಲು ಯಾರ ಮನೆಯಿಂದ ಹೊರಟದ್ದು ಅಂತ.

ಪಾಲನೆ ಆಯ್ತಾ? ಅಷ್ಟಿಷ್ಟು. ದೊಡ್ಡ ಕಂಪನಿಗಳ ಕ್ಯಾಸೆಟ್ಟಿನಲ್ಲಿ ವಿಳಾಸ ಬಂತು. ನಕಲಿಯವನು ಆ ವಿಳಾಸವನ್ನೂ ಸೇರಿಸಿ ನಕಲು ಹೊಡೆದ. ಆಮೇಲೆ ಸಿಡಿ ಬಂತು, ಒಂದೇ ಸಿಡಿಯಲ್ಲಿ ನೂರು ಆಟ ಅಂತ ಮಾರಾಟ ಆಯ್ತು. "ವೈಸ್ ಸಿಟಿ" ಆಡದ ಹುಡುಗ ನಮ್ಮ ಜಿಲ್ಲೆಯಲ್ಲಿ ಸಿಗೋದು ಕಷ್ಟ. ಆ ಆಟವನ್ನ ದುಡ್ಡು ಕೊಟ್ಟು ಕೊಂಡವನು ಸಿಗೋದು ಇನ್ನೂ ಕಷ್ಟ. ಅದರ ಹಿಂದೆಯೇ ಮೆಮೊರಿ ಕಾರ್ಡಿನ ಕಾಲ. "ಹೊಸ ಪಿಚ್ಚರ್ ಸಾಂಗ್ ಹಾಕಿಕೊಡ್ರಿ" ಅಂದರೆ ಕಾರ್ಡ್ ತುಂಬಾ ಹಾಡು. ಕರ್ನಾಟಕದ 1985ರ ಗೂಂಡಾ ಕಾಯ್ದೆಯ ಪಟ್ಟಿಗೆ ಆಡಿಯೊ ವಿಡಿಯೊ ನಕಲುಕೋರರೂ ಸೇರಿದರು, 2014ರ ತಿದ್ದುಪಡಿಯಲ್ಲಿ ಡಿಜಿಟಲ್ ಅಪರಾಧಿಗಳೂ ಸೇರಿದರು. ಮುನ್ನೆಚ್ಚರಿಕೆ ಬಂಧನದ ಕಾಯ್ದೆ ಅದು, ಕೊಲೆ ಸುಲಿಗೆಯ ರೌಡಿಗಳಿಗೆ ಮಾಡಿದ್ದು. ಹಾಡು ತುಂಬಿಸೋ ಹುಡುಗನ ತಲೆ ಮೇಲೂ ಅದು ತೂಗೋ ಹಾಗಾಯ್ತಲ್ಲ ಅಂತ ಆಗ ಬಹಳ ಚರ್ಚೆ ನಡೀತು. ನನಗೂ ಅದು ಗುಬ್ಬಿಗೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ ಕಂಡಿತ್ತು. ಲಾಠಿಯಿಂದ ಹೆದರಿಕೆ ಹುಟ್ಟಬಹುದು, ನಂಬಿಕೆ ಹುಟ್ಟಲ್ಲ.

ನಂಬಿಕೆ ಹೇಗೆ ಹುಟ್ಟುತ್ತೆ ಅನ್ನೋದಕ್ಕೆ ಪೋಲೆಂಡ್ ದೇಶದ ಕಥೆ ಕೇಳಿ. ನಮ್ಮ ಸಿಡಿ ಸಂತೆಗಿಂತ ಅದೇನೂ ಬೇರೆ ಇರಲಿಲ್ಲ. ಕಮ್ಯುನಿಸ್ಟ್ ಆಡಳಿತ ಹೋದ ಹೊಸತು. ವಾರ್ಸಾ ನಗರದಲ್ಲಿ ವಾರದ ಕಂಪ್ಯೂಟರ್ ಸಂತೆ. ಅಲ್ಲಿ ನಕಲಿ ಆಟಗಳ ರಾಶಿ. ಸಾಫ್ಟ್‌ವೇರಿಗೆ ಸ್ಪಷ್ಟ ರಕ್ಷಣೆ ಕೊಡೋ ಕಾಯ್ದೆ ಅಲ್ಲಿಗೆ ಬಂದದ್ದೇ 1994ರಲ್ಲಿ. ಅದೇ ವರ್ಷ ಮಾರ್ಚಿನ್ ಇವಿನ್ಸ್ಕಿ, ಮಿಹಾವ್ ಕಿಚಿನ್ಸ್ಕಿ ಅನ್ನೋ ಇಬ್ಬರು ಸ್ನೇಹಿತರು ಸಿಡಿ ಪ್ರೊಜೆಕ್ಟ್ ಅನ್ನೋ ಕಂಪನಿ ಶುರು ಮಾಡಿ ಅಸಲಿ ಆಟಗಳನ್ನ ತರಿಸಿ ಮಾರೋಕೆ ಹೊರಟರು. ಸಂತೆಯಲ್ಲಿ ನಕಲು ಮಾರಿದ ಅನುಭವ ತಮಗೂ ಇತ್ತು ಅಂತ ಇವಿನ್ಸ್ಕಿಯೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಹಾಗಾಗಿ ನಕಲಿಯವನ ಬಲ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. 1999ರಲ್ಲಿ ಬಾಲ್ಡರ್ಸ್ ಗೇಟ್ ಆಟವನ್ನ ಪೋಲಿಷ್ ಭಾಷೆಗೆ ತಂದಾಗ ಅವರು ಪೊಲೀಸರ ಮೊರೆ ಹೋಗಲಿಲ್ಲ. ಅಲ್ಲಿನ ಹೆಸರಾಂತ ನಟರಿಂದ ಮಾತಾಡಿಸಿದರು. ಡಬ್ಬಿಯಲ್ಲಿ ಐದು ಸಿಡಿ, ಜೊತೆಗೆ ಚರ್ಮದ ಹಾಳೆಯಂಥ ನಕ್ಷೆ, ನಿಯಮದ ಪುಸ್ತಕ, ಸಂಗೀತದ ಸಿಡಿ ಇಟ್ಟರು. ಸಂತೆಯ ನಕಲಿಗೆ ಇದನ್ನೆಲ್ಲ ಕೊಡೋಕೆ ಆಗಲ್ಲ. ಜನ ಅಸಲಿ ಡಬ್ಬಿಯನ್ನೇ ಮುಗಿಬಿದ್ದು ಕೊಂಡರು. ತಮ್ಮ ಭಾಷೆಯಲ್ಲಿ ಕೊಟ್ಟರೆ ದುಡ್ಡು ಕೊಡೋ ಜನ ಇದ್ದಾರೆ ಅನ್ನೋದನ್ನ ಕನ್ನಡದವರೂ ಗಮನಿಸಬೇಕು, ಅದಿರಲಿ.

ಇದೇ ಕಂಪನಿ 2008ರಲ್ಲಿ ಗುಡ್ ಓಲ್ಡ್ ಗೇಮ್ಸ್ ಅನ್ನೋ ಅಂಗಡಿ ತೆರೆಯಿತು. ಚಿಕ್ಕದಾಗಿ ಗಾಗ್. ಹಳೇ ಆಟಗಳು, ಕಡಿಮೆ ಬೆಲೆ, ಬೀಗ ಇಲ್ಲವೇ ಇಲ್ಲ. ಆಗ ದೊಡ್ಡ ಪ್ರಕಾಶಕರೆಲ್ಲ ಹುಬ್ಬೇರಿಸಿದರು. ಬೀಗ ಇಲ್ಲದೆ ಮಾರೋಕೆ ಹಕ್ಕು ಯಾರು ಕೊಡ್ತಾರೆ? ಮೊದಲು ಒಪ್ಪಿದವರಲ್ಲಿ ಇಂಟರ್‌ಪ್ಲೇ, ಕೋಡ್‌ಮಾಸ್ಟರ್ಸ್ ಇದ್ದರು. ಆಮೇಲೆ ಯೂಬಿಸಾಫ್ಟ್, ಆಕ್ಟಿವಿಷನ್, 2011ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕೂಡ ಬಂತು. ಒಂದೊಂದು ಸಹಿಯೂ ಅಂಗಡಿಯ ಬಾಗಿಲಿಗೆ ಒಂದೊಂದು ಅಂಕಿತ. ಇವರೆಲ್ಲ ಇಲ್ಲಿ ಮಾಲು ಇಟ್ಟಿದ್ದಾರೆ ಅಂದಮೇಲೆ ಅಂಗಡಿ ನಂಬಬಹುದು ಅಂತ ಗಿರಾಕಿ ಬಂದ.

ಕಟ್ಟಿದ ನಂಬಿಕೆ ಎಷ್ಟು ತೆಳುವು ಅಂತಲೂ ಅವರೇ ತೋರಿಸಿದರು. 2010ರ ಸೆಪ್ಟೆಂಬರಿನಲ್ಲಿ ಒಂದು ದಿನ ಗಾಗ್ ಅಂಗಡಿ ಇದ್ದಕ್ಕಿದ್ದ ಹಾಗೆ ಮಾಯ. ಈ ರೂಪದಲ್ಲಿ ಅಂಗಡಿ ಇನ್ನು ನಡೆಯಲ್ಲ ಅನ್ನೋ ಅರ್ಥದ ಒಂದು ಸೂಚನೆ ಮಾತ್ರ ಉಳಿದಿತ್ತು. ಕೊಂಡ ಆಟಗಳನ್ನ ಇಳಿಸಿಕೊಳ್ಳದೆ ಅಂಗಡಿಯಲ್ಲೇ ಬಿಟ್ಟಿದ್ದವರ ಎದೆ ಧಸಕ್ ಅಂತು. ಕೆಲವು ದಿನ ಬಿಟ್ಟು ಗೊತ್ತಾಯ್ತು, ಇದೆಲ್ಲ ಹೊಸ ರೂಪದ ಅಂಗಡಿಗೆ ಪ್ರಚಾರದ ಗಿಮಿಕ್ಕು. ಮುಖ್ಯಸ್ಥರು ಕ್ರೈಸ್ತ ಸನ್ಯಾಸಿಗಳ ವೇಷ ಹಾಕ್ಕೊಂಡು ಬಂದು ಪ್ರಾಯಶ್ಚಿತ್ತ ಅಂದರು. ನಮ್ಮ ಟಿವಿಯವರ ಪ್ರೋಮೋ ಹುಚ್ಚನ್ನೂ ಮೀರಿಸಿದ ಹುಚ್ಚು ಅದು. ಆದರೆ ಗಿರಾಕಿಗಳಿಗೆ ಅದರಿಂದ ಒಂದು ಬುದ್ಧಿ ಬಂತು. ಬೀಗ ಇಲ್ಲದ ಫೈಲು ಅಂಗಡಿಯ ಕಪಾಟಿನಲ್ಲಿ ಇರೋತನಕ ಅದು ಅಂಗಡಿಯದೇ. ನಿಮ್ಮ ಡಿಸ್ಕಿಗೆ ಇಳಿದ ಮೇಲಷ್ಟೇ ನಿಮ್ಮದು.

ಬೀಗ ತೆಗೆದರೆ ಕಳ್ಳರಿಗೆ ಹಬ್ಬ ಅಂತ ವಾದ ಮಾಡೋರಿಗೆ 2011ರ ಉದಾಹರಣೆ ಒಂದಿದೆ. ಸಿಡಿ ಪ್ರೊಜೆಕ್ಟಿನ ಸ್ವಂತ ಆಟ "ದಿ ವಿಚರ್ 2" ಎರಡು ರೂಪದಲ್ಲಿ ಬಂತು. ಡಬ್ಬಿಯ ಪ್ರತಿಗೆ ಬೀಗ ಇತ್ತು, ಗಾಗ್ ಅಂಗಡಿಯ ಪ್ರತಿಗೆ ಇರಲಿಲ್ಲ. ಕಳ್ಳರು ಯಾವುದನ್ನ ಹಂಚಬೇಕಿತ್ತು? ಬೀಗ ಇಲ್ಲದ್ದನ್ನ ತಾನೇ? ಜಗತ್ತಿನ ತುಂಬಾ ಹರಿದಾಡಿದ್ದು ಬೀಗ ಮುರಿದ ಡಬ್ಬಿಯ ಪ್ರತಿ ಅಂತ ಇವಿನ್ಸ್ಕಿ ಹೇಳಿದರು. ಬೀಗ ಮುರಿಯೋದೇ ಅವರಿಗೆ ಪಂದ್ಯ, ತೆರೆದ ಬಾಗಿಲಲ್ಲಿ ಏನು ಮಜಾ? ಕೆಲವೇ ದಿನಗಳಲ್ಲಿ ಕಂಪನಿ ಡಬ್ಬಿಯ ಪ್ರತಿಗೂ ಬೀಗ ತೆಗೆದುಹಾಕಿತು. ಹಾಗಂತ ಅವರೇನು ಸಾಧುಗಳಲ್ಲ. ಅದೇ ವರ್ಷದ ಕೊನೆಗೆ ಜರ್ಮನಿಯಲ್ಲಿ ವಕೀಲರ ಮೂಲಕ, ಕದ್ದು ಆಡಿದಿರಿ ಅಂತ ಜನರಿಗೆ ದುಡ್ಡು ಕೇಳಿ ನೋಟಿಸ್ ಕಳಿಸಿದರು. ನಿರಪರಾಧಿಗಳಿಗೂ ಹೋಗಬಹುದು ಅಂತ ಗದ್ದಲ ಎದ್ದಾಗ 2012ರ ಜನವರಿಯಲ್ಲಿ ಅದನ್ನ ನಿಲ್ಲಿಸಿದರು. ಇನ್ನೊಂದು ಲೆಕ್ಕವನ್ನೂ ಮುಚ್ಚಿಡಬಾರದು. 2010ರಲ್ಲಿ ಹಂಬಲ್ ಬಂಡಲ್ ಅನ್ನೋರು ಬೀಗವಿಲ್ಲದ ಆಟಗಳ ಗಂಟನ್ನ ಎಷ್ಟಾದರೂ ಕೊಡಿ ಅಂತ ಮಾರಿದರು. ಒಂದು ಸೆಂಟ್ ಕೊಟ್ಟರೂ ಸಾಕಿತ್ತು. ಆದರೂ ಇಳಿಸಿಕೊಂಡವರಲ್ಲಿ ನಾಲ್ಕರಲ್ಲಿ ಒಂದು ಪಾಲು ಏನೂ ಕೊಡದೆ ಒಯ್ದಿರಬಹುದು ಅಂತ ಅವರೇ ಅಂದಾಜು ಮಾಡಿದರು. ಮನುಷ್ಯ ಸ್ವಭಾವ. ಉಳಿದವರು ಕೊಟ್ಟ ದುಡ್ಡು 10 ಲಕ್ಷ ಡಾಲರ್ ದಾಟಿತು, ಅದೂ ಮನುಷ್ಯ ಸ್ವಭಾವವೇ.

ಈಗ ಲೈಸೆನ್ಸಿನ ಒಳಮನೆಗೆ ಬನ್ನಿ. ಹಳೇ ಆಟದ ಹಕ್ಕು ಯಾರ ಹತ್ತಿರ ಇರುತ್ತೆ? ಕೇಳಿದರೆ ನಗ್ತೀರಿ. 1999ರಲ್ಲಿ ಬಂದ "ಸಿಸ್ಟಂ ಶಾಕ್ 2" ಅನ್ನೋ ಆಟ ಬಹಳ ಹೆಸರು ಮಾಡಿತ್ತು. ಮರುವರ್ಷವೇ ಅದನ್ನ ಮಾಡಿದವರಲ್ಲಿ ಒಂದು ಕಂಪನಿ ಬಾಗಿಲು ಹಾಕಿತು. ಆಟ ಅಂಗಡಿಗಳಿಂದ ಮಾಯ. ಹತ್ತು ಹನ್ನೆರಡು ವರ್ಷ ಎಲ್ಲೂ ನ್ಯಾಯವಾಗಿ ಸಿಗ್ತಿರಲಿಲ್ಲ. ಸ್ಟೀಫನ್ ಕಿಕ್ ಅನ್ನೋ ಅಮೆರಿಕದ ಯುವಕ ಕೆಲಸ ಬಿಟ್ಟು ಮೆಕ್ಸಿಕೊ ಕಡೆ ತಿರುಗಾಡ್ತಾ ಇದ್ದಾಗ ಈ ಆಟ ಆಡಬೇಕು ಅನ್ನಿಸಿತು, ಎಲ್ಲೂ ಸಿಗಲಿಲ್ಲ. ಹಕ್ಕುದಾರ ಯಾರು ಅಂತ ಹುಡುಕಿದ. ಕೊನೆಗೆ ಸಿಕ್ಕಿದ್ದು ಯಾರು? ಅಮೆರಿಕದ ಒಂದು ಇನ್ಶೂರೆನ್ಸ್ ಕಂಪನಿ! ಮುಳುಗಿದ ಕಂಪನಿಯ ಆಸ್ತಿಯ ಜೊತೆ ಆಟದ ಹಕ್ಕೂ ಅವರ ಕಡತ ಸೇರಿತ್ತು. ಅವನು ಅವರಿಗೆ ಪತ್ರ ಬರೆದ, ಮಾತಾಡಿದ, ಒಪ್ಪಂದ ಮಾಡಿಕೊಂಡ. 2013ರ ಫೆಬ್ರವರಿಯಲ್ಲಿ ಆಟ ಗಾಗ್ ಅಂಗಡಿಗೆ ಬಂತು, ಬೀಗವಿಲ್ಲದೆ. ನೈಟ್‌ಡೈವ್ ಅನ್ನೋ ಅವನ ಕಂಪನಿ ಹುಟ್ಟಿದ್ದೇ ಹೀಗೆ. ಅದೇ ಕಂಪನಿ "ನೋ ಒನ್ ಲೀವ್ಸ್ ಫಾರೆವರ್" ಅನ್ನೋ ಇನ್ನೊಂದು ಆಟಕ್ಕೂ ಕೈ ಹಾಕಿತು. ಮೂರು ದೊಡ್ಡ ಕಂಪನಿಗಳ ನಡುವೆ ಹಕ್ಕು ಹರಿದು ಹಂಚಿಹೋಗಿತ್ತು, ಕೆಲಸ ಆಗಲಿಲ್ಲ. ಪಿತ್ರಾರ್ಜಿತ ಹೊಲದ ಪಹಣಿಯಲ್ಲಿ ಏಳು ಹೆಸರು ಇದ್ದಾಗ ಆಗೋ ಪಾಡೇ ಅದು.

ಲೈಸೆನ್ಸಿಗೆ ಮುಗಿಯೋ ತಾರೀಕೂ ಇರುತ್ತೆ. ಫಾಲೌಟ್ ಅನ್ನೋ ಹಳೇ ಆಟಗಳನ್ನ ಇಂಟರ್‌ಪ್ಲೇ ಮಾಡಿತ್ತು. 2007ರಲ್ಲಿ ಅದರ ಪೂರ್ತಿ ಹಕ್ಕು ಬೆಥೆಸ್ಡಾ ಕಂಪನಿಗೆ ಹೋಯ್ತು. ಇಬ್ಬರೂ ಕೋರ್ಟಿನಲ್ಲಿ ಜಗಳ ಆಡಿ ರಾಜಿ ಆದರು. ರಾಜಿಯ ಪ್ರಕಾರ ಇಂಟರ್‌ಪ್ಲೇಗೆ ಹಳೇ ಆಟ ಮಾರೋ ಹಕ್ಕು 2013ರ ಡಿಸೆಂಬರ್ 31ರವರೆಗೆ ಮಾತ್ರ. ಗಾಗ್ ಏನು ಮಾಡಿತು ಅಂದರೆ, ಅದೇ ಡಿಸೆಂಬರಿನಲ್ಲಿ ಆ ಆಟಗಳನ್ನ ಪುಕ್ಕಟೆ ಹಂಚಿ, ತಾರೀಕು ಬಂದಾಗ ಕಪಾಟಿನಿಂದ ತೆಗೆಯಿತು. ಕೊಂಡವರ ಪ್ರತಿ ಕೊಂಡವರ ಹತ್ತಿರವೇ ಉಳಿಯಿತು. 2015ರಲ್ಲಿ ಬೆಥೆಸ್ಡಾ ಜೊತೆ ಹೊಸ ಒಪ್ಪಂದ ಆಗಿ ಅವು ವಾಪಸ್ ಬಂದವು. 2009ರ ಅಮೆಜಾನಿನ ಕಥೆ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಎರಡೂ ಕಡೆ ಗಲಾಟೆ ಮಾರೋ ಹಕ್ಕಿನದೇ. ಒಂದು ಕಡೆ ಗಿರಾಕಿಯ ಮನೆಗೆ ನುಗ್ಗಿದರು, ಇನ್ನೊಂದು ಕಡೆ ತಮ್ಮ ಕಪಾಟು ಮಾತ್ರ ಖಾಲಿ ಮಾಡಿದರು. 2017ರಲ್ಲಿ "ಅಲನ್ ವೇಕ್" ಆಟ ಅಂಗಡಿಗಳಿಂದ ಹೊರಬಿದ್ದದ್ದು ಆಟದೊಳಗೆ ಬಳಸಿದ ಹಾಡುಗಳ ಲೈಸೆನ್ಸ್ ಮುಗಿಯಿತು ಅಂತ. ಮರುವರ್ಷ ಹಾಡಿನವರ ಜೊತೆ ಮತ್ತೆ ಒಪ್ಪಂದ ಆದಮೇಲೆ ಬಂತು. ಒಂದು ಆಟದ ಹಿಂದೆ ಎಷ್ಟು ಕೈಗಳ ಸಹಿ ಇರಬೇಕು ಅಂತ ಇದರಿಂದ ಅಂದಾಜು ಮಾಡಿ.

ಗಾಗ್ ಈಗ ಸಣ್ಣದೇನಲ್ಲ. ಅದರ ದಾರಿಯಲ್ಲಿ ಬಂದ ಸಣ್ಣ ಅಂಗಡಿಗಳದ್ದೇ ಕಷ್ಟ. 2013ರಲ್ಲಿ ಶುರುವಾದ ಇಚ್.ಐಒನಲ್ಲಿ ಆಟ ಮಾಡಿದವನೇ ನೇರವಾಗಿ ಅಂಗಡಿ ಹಾಕ್ತಾನೆ. 2014ರಲ್ಲಿ ಬಂದ ಝೂಮ್ ಪ್ಲಾಟ್‌ಫಾರ್ಮ್ ಹಳೇ ಆಟಗಳ ಹಕ್ಕು ಹುಡುಕಿ ತಂದು ಮಾರುತ್ತೆ. ಡೆಸೂರಾ ಅಂತ ಒಂದಿತ್ತು. ಬೀಗವಿಲ್ಲದ ಆಟಗಳು ಅಲ್ಲಿ ಬೇಕಾದಷ್ಟು ಇದ್ದವು. ಅದು ಕೈಯಿಂದ ಕೈಗೆ ಮಾರಾಟವಾಗಿ, 2015ರಲ್ಲಿ ಕೊನೆಯ ಮಾಲೀಕ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಟ ಮಾಡಿದ ಸಣ್ಣಪುಟ್ಟ ಜನ ನಮ್ಮ ಪಾಲಿನ ದುಡ್ಡು ಬಂದಿಲ್ಲ ಅಂತ ಗೋಳಾಡಿದರು. ಲೈಸೆನ್ಸ್ ಇತ್ತು, ಆಟ ಸಾಚಾ ಇತ್ತು, ಗಿರಾಕಿ ದುಡ್ಡೂ ಕೊಟ್ಟಿದ್ದ, ಆದರೂ ಮಾಡಿದವನಿಗೆ ತಲುಪಲಿಲ್ಲ. ಇಚ್.ಐಒಗೆ ಬೇರೆ ಥರದ ಪೆಟ್ಟು. 2024ರ ಡಿಸೆಂಬರಿನಲ್ಲಿ ಫಂಕೋ ಅನ್ನೋ ಆಟಿಕೆ ಕಂಪನಿಯ ಬ್ರಾಂಡ್ ಕಾಯೋ ಸಂಸ್ಥೆಯೊಂದು ಒಬ್ಬ ಬಳಕೆದಾರ ಹಾಕಿದ್ದ ಒಂದು ಪುಟದ ಬಗ್ಗೆ ದೂರು ಕೊಟ್ಟಿತು. ಅಷ್ಟಕ್ಕೇ ಇಡೀ ಅಂಗಡಿಯ ವಿಳಾಸವೇ ಕೆಲವು ಗಂಟೆ ಬಂದ್ ಆಯ್ತು. ದೊಡ್ಡ ಮಾಲ್ ಆಗಿದ್ದರೆ ಹೀಗೆ ಷಟರ್ ಎಳೆಯೋಕೆ ಧೈರ್ಯ ಬರ್ತಿತ್ತಾ?

ಹಾಗಾಗಿ ಸಣ್ಣ ಅಂಗಡಿ ಅಂದಕೂಡಲೇ ಕಳ್ಳ ಅನ್ನೋದು ಅನ್ಯಾಯ. ಕಣ್ಣು ಮುಚ್ಚಿ ನಂಬೋದೂ ದಡ್ಡತನ. ನಾನಾದರೆ ಮೊದಲು ಅಂಗಡಿಯನ್ನ ಬಿಟ್ಟು ಆಟ ಮಾಡಿದವನ ಪುಟಕ್ಕೆ ಹೋಗಿ, ಇಲ್ಲಿ ಸಿಗುತ್ತೆ ಅಂತ ಈ ಅಂಗಡಿಯ ಹೆಸರನ್ನ ಅವನೇ ಹೇಳಿದ್ದಾನಾ ನೋಡ್ತೀನಿ. ಅಂಗಡಿಯ ಪುಟದಲ್ಲಿ ಪ್ರಕಾಶಕ ಯಾರು, ಹಕ್ಕುದಾರ ಯಾರು ಅಂತ ಬರೆದಿದೆಯಾ, ಅಂಗಡಿ ನಡೆಸೋರ ಹೆಸರು ವಿಳಾಸ ಇದೆಯಾ ನೋಡ್ತೀನಿ. ಇಲ್ಲಾಂದರೆ ಬರೆದು ಕೇಳ್ತೀನಿ. ಸಾಚಾ ಸಣ್ಣ ಅಂಗಡಿಯವನಿಗೆ ಈ ಪ್ರಶ್ನೆ ಕೇಳಿದರೆ ಸಿಟ್ಟು ಬರಲ್ಲ, ಯಾಕೆಂದರೆ ಆ ಒಂದು ಸಹಿಗಾಗಿ ಅವನು ತಿಂಗಳುಗಟ್ಟಲೆ ಅಲೆದಿರ್ತಾನೆ. ಎರಡು ಸಾವಿರದ ಹೊಸ ಆಟ ಐವತ್ತು ರೂಪಾಯಿಗೆ ಅಂತ ಕಂಡರೆ ಮಾತ್ರ ಯಾವ ಪ್ರಶ್ನೆಯೂ ಬೇಡ, ಫೋನ್ ಕೆಳಗಿಡಿ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾಯ್ದೆ ಮಾಡಿತು, 2025ರ ಜನವರಿ 1ರಿಂದ ಜಾರಿ. ಡಿಜಿಟಲ್ ಸರಕು ಮಾರೋರು, ಗಿರಾಕಿಗೆ ಸಿಗೋದು ಬರೀ ಲೈಸೆನ್ಸ್ ಆಗಿದ್ದರೆ ಅದನ್ನ ಸ್ಪಷ್ಟವಾಗಿ ಹೇಳದೆ "ಖರೀದಿಸಿ" ಅನ್ನೋ ಪದ ಬಳಸೋ ಹಾಗಿಲ್ಲ. ನೆಟ್ ಇಲ್ಲದೆಯೂ ಶಾಶ್ವತವಾಗಿ ಇಟ್ಕೊಳ್ಳೋ ಹಾಗೆ ಫೈಲ್ ಕೊಡೋ ಅಂಗಡಿಗಳಿಗೆ ಇದರಿಂದ ವಿನಾಯಿತಿ. ಸ್ಟೀಮ್ ತನ್ನ ಗಲ್ಲಾದಲ್ಲಿ ಇದು ಲೈಸೆನ್ಸ್ ಅಂತ ಬೋರ್ಡು ಹಾಕಿತು. ನಮ್ಮಲ್ಲಿ 2012ರ ತಿದ್ದುಪಡಿ ಬೀಗದ ಬಗ್ಗೆ ಯೋಚಿಸಿತು. ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಬೀಗ ಮುರಿದರೆ 65ಎ ಕಲಂ ಪ್ರಕಾರ 2 ವರ್ಷದವರೆಗೆ ಜೈಲು. ಬೀಗ ಮುರಿಯೋನಿಗೆ ಕಾಯ್ದೆ ಆಯ್ತು. ಆಟದ ಫೈಲಿನ ಮೇಲೆ ಹಕ್ಕುದಾರನ ಹೆಸರು ಬರೀರಿ ಅಂತ ಹೇಳೋಕೆ, 1984ರಲ್ಲಿ ಕ್ಯಾಸೆಟ್ ಕವರಿಗೆ ಹೇಳಿದ ಹಾಗೆ ಹೇಳೋಕೆ ಯಾಕೆ ಯಾರಿಗೂ ಹೊಳೆಯಲ್ಲ ಅಂತ ನಾನು ಸಂಸದರನ್ನ ಸ್ಟುಡಿಯೊಕ್ಕೆ ಕರೆದಾಗ ಕೇಳೋನಿದ್ದೀನಿ.

ಅದಕ್ಕೂ ಮೊದಲು ನಿಮ್ಮಲ್ಲಿ ಒಂದು ಮಾತು. ನಮ್ಮ ರಾಯಚೂರು ಸೀಮೆಯ ನಾಟಕ, ತತ್ವಪದ, ಡಪ್ಪಿನ ಪದಗಳ ಕ್ಯಾಸೆಟ್ಟುಗಳು ಎಷ್ಟೋ ಬಂದು ಹೋದವು. ಮಾಡಿದ ಸಣ್ಣ ಕಂಪನಿಗಳಲ್ಲಿ ಎಷ್ಟೋ ಈಗ ಇಲ್ಲ. ನಾಳೆ ಯಾರಾದರೂ ಹುಡುಗ ಅವನ್ನ ನ್ಯಾಯವಾಗಿ, ಬೀಗವಿಲ್ಲದೆ ಮತ್ತೆ ಮಾರ್ತೀನಿ ಅಂತ ಹೊರಟರೆ ಆ ಸ್ಟೀಫನ್ ಕಿಕ್ ಥರ ಹಕ್ಕುದಾರನನ್ನ ಹುಡುಕಬೇಕು. ಸಿಗದಿದ್ದರೆ, ಹಕ್ಕುದಾರ ಪತ್ತೆಯಾಗದ ಕೃತಿಗೆ ಲೈಸೆನ್ಸ್ ಕೇಳೋ ದಾರಿ ನಮ್ಮ ಕಾಯ್ದೆಯ 31ಎ ಕಲಮಿನಲ್ಲಿದೆ. ಆದರೆ ಮೊದಲು ಹುಡುಕಿದ್ದೇನೆ ಅಂತ ತೋರಿಸಬೇಕಲ್ಲ, ಅದಕ್ಕೆ ಒಂದು ಹೆಸರು, ಒಂದು ವಿಳಾಸ ಬೇಕು. ಮನೆಯ ಅಟ್ಟದ ಮೇಲೆ ಹಳೇ ಕ್ಯಾಸೆಟ್ ಡಬ್ಬಿ ಇದ್ದರೆ ಇಳಿಸಿ ನೋಡಿ. ಟೇಪಿಗೆ ಬೂಷ್ಟು ಹಿಡಿದಿದ್ದರೂ ಪರವಾಗಿಲ್ಲ. ಕವರನ್ನ ಎಸೀಬೇಡಿ, ಅದರ ಹಿಂಬದಿಯಲ್ಲಿ ಚಿಕ್ಕ ಅಕ್ಷರದಲ್ಲಿ ಆ ವಿಳಾಸ ಇರುತ್ತೆ.